ಹಿಡಿಯದ ಸಿಮೆಂಟ್

ಮಾರ್ಚ್‌ನಲ್ಲಿ ಶಂಕರಮ್ಮನವರ ಬಲಮಂಡಿಗೆ ಲೋಹದ ಕೀಲು ಹಾಕಿದರು. ಜೂನ್‌ನಲ್ಲಿ ಅವರು ಕೋಲಿಲ್ಲದೆ ಭದ್ರಾವತಿ ನ್ಯೂ ಟೌನಿನ ತರಕಾರಿ ಅಂಗಡಿಯವರೆಗೆ ನಡೆದರು. ದೀಪಾವಳಿಯ ಹೊತ್ತಿಗೆ ನೋವು ಮರಳಿತು. ಸಂಕ್ರಾಂತಿಗೆ ಜಗಳ, ಯುಗಾದಿಗೆ ತಪ್ಪೊಪ್ಪಿಗೆ, ಆಗಸ್ಟ್‌ನಲ್ಲಿ ಎರಡನೆಯ ಶಸ್ತ್ರಚಿಕಿತ್ಸೆ.

ಗಂಡ ವೀರಪ್ಪ ಅದೇ ಊರಿನ ಕಾರ್ಖಾನೆಯೊಂದರಲ್ಲಿ, ಲೋಹ ಕಾಯಿಸಿ ಬಡಿಯುವ ಫೋರ್ಜ್ ಶಾಪಿನಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಮನುಷ್ಯರಿಗಿಂತ ಲೋಹದ ಮೇಲೆ ಅವರಿಗೆ ನಂಬಿಕೆ ಹೆಚ್ಚು. ಮಂಡಿಗೆ ಹಾಕುವುದು ಕೋಬಾಲ್ಟ್-ಕ್ರೋಮ್ ಮಿಶ್ರಲೋಹವೆಂದು ತಿಳಿದ ದಿನವೇ, ಅದು ಮೂರು ತಲೆಮಾರಿಗೂ ಸವೆಯದೆಂದು ತೀರ್ಮಾನಿಸಿದ್ದರು. ಹಾಗಾಗಿ ನೋವು ಮರಳಿದಾಗ ತಪ್ಪು ಹೆಂಡತಿಯದೇ ಆಗಬೇಕಿತ್ತು.

ನೆಲದ ಮೇಲೆ ಕೂರಬಾರದೆಂದು ಡಾಕ್ಟರು ಹೇಳಿದ್ದರು. ಮದುವೆಗೂ ಮೊದಲಿನಿಂದ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸುತ್ತಿದ್ದ ಶಂಕರಮ್ಮ ಕುರ್ಚಿಗೆ ಬಂದಿದ್ದರು. "ಕುರ್ಚೀಲಿ ಕೂತು ಪೂಜೆ ಮಾಡಿದ್ರೆ ಬಸ್‌ಸ್ಟ್ಯಾಂಡ್‌ನಲ್ಲಿ ಕಾಯ್ತಾ ಇದ್ದಂಗೆ ಅನ್ಸುತ್ತೆ ಕಣ್ರೀ" ಎಂದು ನಗುತ್ತಿದ್ದರು.

ಸಂಕ್ರಾಂತಿಯ ಬೆಳಿಗ್ಗೆ ಮಣೆಯ ಪಕ್ಕ ವಿಭೂತಿ ಚೆಲ್ಲಿದ್ದು ವೀರಪ್ಪನವರ ಕಣ್ಣಿಗೆ ಬಿತ್ತು.

"ಕೆಳಗೆ ಕೂತಿದ್ದೀಯಲ್ಲೇ ಮಾರಾಯ್ತಿ."

"ಇಲ್ಲ ರೀ. ಕುರ್ಚೀಲಿದ್ದಾಗ ಕೈಜಾರಿ ಬಿತ್ತು."

"ಕೈಜಾರಿದ್ದು ಸರಿಯಾಗಿ ಮಣೆ ಪಕ್ಕಕ್ಕೇ ಬಿತ್ತಾ? ಜೀವಮಾನವೆಲ್ಲ ಲೋಹದ ಜೊತೆ ಕಳೆದೋನು ನಾನು. ಅದು ತಾನಾಗೇ ಕೆಡಲ್ಲ, ಯಾರಾದ್ರೂ ಕೆಡಿಸ್ಬೇಕು."

ಮಣೆ ಅಟ್ಟ ಸೇರಿತು. ಅಂದಿನಿಂದ ವೀರಪ್ಪ ತಟ್ಟೆ ಹಿಡಿದು ವರಾಂಡದಲ್ಲಿ ಒಬ್ಬರೇ ಉಣ್ಣತೊಡಗಿದರು. ಶಿವಮೊಗ್ಗದ ಹೊಸಮನೆಯಿಂದ ಮಗಳು ತನುಜಾ ಫೋನ್ ಮಾಡಿದಾಗಲೆಲ್ಲ ಅದೇ ದೂರು. ಯುಗಾದಿಯ ಹಿಂದಿನ ದಿನ ಶಂಕರಮ್ಮ ಮಿಕ್ಸಿಯಲ್ಲಿ ಹೂರಣ ರುಬ್ಬುವುದನ್ನು ನಿಲ್ಲಿಸಿ, ತಲೆ ಎತ್ತದೆ ಹೇಳಿದರು: "ಹೌದು ರೀ, ಕೂತಿದ್ದೆ. ದಿನಾ ಕೂತಿದ್ದೆ. ಸಾಕಾ?"

ವೀರಪ್ಪನವರಿಗೆ ಸಮಾಧಾನವಾಯಿತು. ಮುಂದಿನ ತಪಾಸಣೆಯಲ್ಲಿ ಹೆಂಡತಿ ಬಾಯಿ ತೆರೆಯುವ ಮೊದಲೇ ಡಾಕ್ಟರಿಗೆ ಅದನ್ನು ತಿಳಿಸಿದರು. ಡಾಕ್ಟರು ಎಕ್ಸ್‌ರೇ ತೆಗೆಸಲಿಲ್ಲ. ರೋಗಿಯನ್ನು ಗದರಿ, ನೋವಿನ ಮಾತ್ರೆ ಬರೆದುಕೊಟ್ಟರು. ಬೇಸಿಗೆ ಕಳೆಯುವಷ್ಟರಲ್ಲಿ ಕಾಲು ಒಳಕ್ಕೆ ವಾಲಿತು. ತನುಜಾ ಯಾರನ್ನೂ ಕೇಳದೆ ತಾಯಿಯನ್ನು ಶಿವಮೊಗ್ಗದ ಬೇರೊಂದು ಆಸ್ಪತ್ರೆಗೆ ಕರೆದೊಯ್ದಳು. ಮಂಡಿಯ ಕೆಳಭಾಗದ ಮೂಳೆಗೆ ಕೂರಿಸಿದ ಲೋಹದ ತಟ್ಟೆ ಎಕ್ಸ್‌ರೇಯಲ್ಲಿ ಓರೆಯಾಗಿ ಕಂಡಿತು. ಸಡಿಲಗೊಂಡ ತಟ್ಟೆ ತಿಂಗಳುಗಟ್ಟಲೆ ಅಲುಗಾಡಿ, ತನ್ನಡಿಯ ಮೂಳೆಯನ್ನು ತಿಂದುಹಾಕಿತ್ತು.

ಶಸ್ತ್ರಚಿಕಿತ್ಸೆಯ ಬಳಿಕ ಅಲ್ಲಿನ ಡಾಕ್ಟರ್ ವಿಮಲಾ ಹೊರತೆಗೆದ ಭಾಗಗಳನ್ನು ತೋರಿಸಿದರು. ವೀರಪ್ಪ ಕನ್ನಡಕ ಸರಿಪಡಿಸಿಕೊಂಡು ತಟ್ಟೆಯ ತಳ ನೋಡಿದರು. ಮೂಳೆಗೆ ಅಂಟಿಸುವ ಸಿಮೆಂಟ್ ಕಚ್ಚಿರಬೇಕಾದ ಜಾಗ ಬರಿದಾಗಿ ಹೊಳೆಯುತ್ತಿತ್ತು.

"ಜಿಡ್ಡೇನಾದ್ರೂ ಇತ್ತಾ ಡಾಕ್ಟ್ರೇ?"

"ಮೂಳೆಯೊಳಗಿನ ಕೊಬ್ಬು ಸೇರಿರಬಹುದು. ಇಲ್ಲಾ, ಸಿಮೆಂಟ್ ಗಟ್ಟಿಯಾಗ್ತಾ ಬಂದ ಮೇಲೆ ಕೂರಿಸಿರಬಹುದು. ಈಗ ಖಚಿತವಾಗಿ ಹೇಳೋಕಾಗಲ್ಲ."

"ನೆಲದ ಮೇಲೆ ಕೂತಿದ್ರೆ?"

ವಿಮಲಾ ಲೋಹಗಳ ನಡುವಿನ ಪ್ಲಾಸ್ಟಿಕ್ ತುಂಡನ್ನು ತಿರುಗಿಸಿ ಹಿಂದಿನ ಅಂಚು ತೋರಿಸಿದರು. ಅದು ನುಣುಪಾಗಿತ್ತು. "ದಿನಾ ಹಾಗೆ ಮಡಚಿ ಕೂತಿದ್ರೆ ಇಲ್ಲಿ ಉಜ್ಜಿದ ಗುರುತು ಇರ್ಬೇಕಿತ್ತು." ಆಮೇಲೆ ದನಿ ತಗ್ಗಿಸಿದರು. "ಇನ್ನೂ ಮುಂಚೆ ಬಂದಿದ್ರೆ ಮೂಳೆ ಉಳೀತಿತ್ತು. ಇನ್ಮೇಲೆ ವಾಕರ್ ಇಲ್ದೆ ನಡೆಯೋದು ಕಷ್ಟ."

ವಾರ್ಡಿನಲ್ಲಿ ಶಂಕರಮ್ಮ ಎಚ್ಚರವಾಗಿದ್ದರು. ವೀರಪ್ಪ ಸ್ಟೂಲ್ ಎಳೆದುಕೊಂಡರು.

"ಕೂತೇ ಇಲ್ಲ ಅಂದ್ಮೇಲೆ, ಕೂತಿದ್ದೆ ಅಂತ ಯಾಕೆ ಒಪ್ಕೊಂಡೆ?"

"ಇಲ್ಲ ಅಂದ್ರೆ ನೀವು ನಂಬ್ಲಿಲ್ಲ. ಹೌದು ಅಂದ್ರೆ ಹಬ್ಬದ ದಿನವಾದ್ರೂ ಒಳಗೆ ಬಂದು ಉಣ್ತೀರಿ ಅಂದ್ಕೊಂಡೆ." ಶಂಕರಮ್ಮ ಬ್ಯಾಂಡೇಜು ಸುತ್ತಿದ ಕಾಲನ್ನು ನೋಡಿಕೊಂಡರು. "ಡಾಕ್ಟ್ರು ಏನಂದ್ರು? ನಂದೇ ತಪ್ಪಂತಾ?"

"ತಟ್ಟೆಗೆ ಸಿಮೆಂಟ್ ಹಿಡಿದಿರ್ಲೇ ಇಲ್ಲ" ಎಂದರು ವೀರಪ್ಪ. "ನೀನು ಕೆಳಗೆ ಕೂತಿದ್ದಕ್ಕೆ ಎಲ್ಲೂ ಗುರುತಿಲ್ಲ."