ಕಟ್ಟಿಗೆಯ ಮಾವಿನಹಣ್ಣು ಮತ್ತು ಪ್ರೋಟೀನ್ ಸೀಸೆ

ಕಿನ್ನಾಳದ ಹಂಪವ್ವನ ಬೆರಳುಗಳು ಮತ್ತೆ ಬಾತಿದ್ದವು. ಬೆಳಗ್ಗೆ ಮುಷ್ಟಿ ಮಡಚಲೂ ಆಗದು, ರೊಟ್ಟಿ ಬಡಿಯುವ ಮಾತು ದೂರವೇ ಉಳಿಯಿತು. ಆ ಮನೆಯಲ್ಲಿ ಗೊಂಬೆ ಕೆತ್ತುವವನು ಗಂಡ ಕನಕಪ್ಪ, ಕಣ್ಣು ಬರೆಯುವವಳು ಹಂಪವ್ವ. ಈಗ ಅವಳು ಕುಂಚ ಹಿಡಿದರೆ ಗೌರಿ ಗೊಂಬೆಗೆ ಮೆಳ್ಳೆಗಣ್ಣು! ಕೈಯೇ ಹೋದರೆ ಹೇಗಪ್ಪಾ ಎಂದು ಅವಳಿಗೆ ಒಳಗೊಳಗೇ ಭಯ.

ಕೊಪ್ಪಳದ ಡಾಕ್ಟರು ಕೊಟ್ಟ ಗುಳಿಗೆಯಿಂದ ನೋವು ಹಿಡಿತಕ್ಕೆ ಬಂದಿತ್ತು. ಆದರೆ ಕನಕಪ್ಪ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ, "ಈ ಗುಳಿಗಿ ರೋಗನಿರೋಧಕ ಶಕ್ತಿ ಕಡಿಮಿ ಮಾಡ್ತಾವಂತ! ಒಗಿ ಅತ್ತಾಗ," ಎಂದು ಬಿಡಿಸಿದ್ದ. ಬಾವು ಮರಳಿದಾಗ ಫೋನಿನಲ್ಲೇ ಪರಿಚಯವಾದ ಏಜೆಂಟನಿಂದ ಹೆಬ್ಬೆರಳಿನಷ್ಟು ಸೀಸೆಯೊಂದನ್ನು ತರಿಸಿದ. ತಳದಲ್ಲಿ ಚಿಟಿಕೆ ಬಿಳಿ ಪುಡಿ. ಮನೆಗೆ ಹೊಸದು ಬಂದರೆ ಪೂಜೆ ಮಾಡದೆ ಬಿಡುತ್ತಾನೆಯೇ? ಸೀಸೆಗೆ ಕುಂಕುಮ ಬಳಿದು ದೇವರ ಮುಂದಿಟ್ಟು, ಸೂಜಿ ಹಾಕಲು ಊರಿನ ನರ್ಸ್ ದಾನೇಶ್ವರಿಯನ್ನು ಕರೆಸಿದ.

ದಾನೇಶ್ವರಿ ಕೂರುತ್ತಲೇ ಕನಕಪ್ಪ ಗೂಡಿನತ್ತ ಕೈ ತೋರಿಸಿ ತನ್ನ ಹಳೇ ಕಥೆ ಶುರು ಮಾಡಿದ. "ಆ ಮಾವಿನಹಣ್ಣು ನೋಡ್ದಿ ತಂಗಿ? ಕಟ್ಟಿಗಿದು. ಕುಷ್ಟಗಿಯಿಂದ ಬಂದ ನಮ್ಮ ಬೀಗ ಖರೇ ಹಣ್ಣಂತ ತಿಳಿದು ಕಡದ! ಹಲ್ಲಿನ ಗುರುತು ಇನ್ನೂ ಐತಿ!" ಹೊಟ್ಟೆ ಹಿಡಿದು ನಕ್ಕ. ಸಾವಿರ ಸಲ ಕೇಳಿದ್ದ ಹಂಪವ್ವ ನಗಲಿಲ್ಲ.

"ಅದಿರಲಿ ಕಾಕಾ, ಔಷಧಿ ಎಲ್ಲಿ?"

"ಇದ ನೋಡು. ಪ್ರೋಟೀನ್! ಇಮ್ಯುನಿಟಿ ಹದಕ್ಕ ತರ್ತೈತಂತ."

ದಾನೇಶ್ವರಿ ಸೆರಗಿನಿಂದ ಕುಂಕುಮ ಒರೆಸಿದಳು. ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರ.

"ಅಯ್ಯ ಶಿವನ! 'ಪ್ರಯೋಗಾಲಯದ ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಬಳಸಬಾರದು' ಅಂತ ಬರದಾರ್ರಿ. ಅದರ ಮ್ಯಾಲ ಕುಂಕುಮ ಹಚ್ಚೀರಲ್ಲ!"

ಅವಳು ಕೊಪ್ಪಳದ ಡಾಕ್ಟರಿಗೆ ಸೀಸೆಯ ಫೋಟೋ ಕಳಿಸಿ, ಫೋನು ಹಚ್ಚಿ ಮಾತಾಡಿ ಬಂದಳು.

"ಇದು ರಿಕಾಂಬಿನೆಂಟ್ ಪ್ರೋಟೀನ್ ಅಂತ. ನಮ್ಮ ಮೈಯಾಗಿರೋ ಪ್ರೋಟೀನಿನ ನಕಲು. ಅದರ ಜೀನನ್ನ ಬ್ಯಾರೆ ಜೀವಕೋಶದಾಗ ಸೇರಿಸಿ ಲ್ಯಾಬಿನ್ಯಾಗ ಬೆಳಸ್ತಾರ. ನಿರೋಧಕ ಶಕ್ತಿ ಹೆಂಗ ಏರ್ತೈತಿ, ಹೆಂಗ ಇಳೀತೈತಿ ಅಂತ ವಿಜ್ಞಾನಿಗಳು ಗಾಜಿನ ತಟ್ಟಿಯಾಗ ಇಟ್ಟು ನೋಡಾಕ ಮಾಡಿದ್ದಿದು."

"ನಮ್ಮಣ್ಣ ತಗೊಳ್ಳೋ ಇನ್ಸುಲಿನ್ನೂ ಹಂಗ ಮಾಡ್ತಾರಂತಲ್ಲ? ಏಜೆಂಟ ಹೇಳ್ಯಾನ!"

"ಖರೇ ಐತ್ರಿ. ಆದ್ರ ಅದನ್ನ ಔಷಧಿ ಅಂತನ ಮಾಡಿ, ಪರೀಕ್ಷಾ ಮಾಡಿ ಕೊಡ್ತಾರ. ಇದಕ್ಕ ಆ ಪರೀಕ್ಷಾ ಆಗಿಲ್ಲ. ಚುಚ್ಚಿದ್ರ ಏನಾಗ್ತೈತಿ ಅಂತ ಹೇಳಾಕ ಬರಂಗಿಲ್ಲ, ಜೀವಕ್ಕೂ ಕುತ್ತು ಬರಬಹುದು. ಮತ್ತ ಚಿಗವ್ವಗ ಶಕ್ತಿ ಕಡಿಮಿ ಆಗಿಲ್ಲ ಕಾಕಾ. ಬೇಲಿನ ಎದ್ದು ಹೊಲ ಮೇದಂಗ ಆಗೇತಿ. ಕಾಯೋ ಶಕ್ತಿನ ತಿರುಗಿ ಕೈ ಕೀಲುಗಳನ್ನ ತಿನ್ನಾಕ ಹತ್ತೈತಿ. ಗುಳಿಗಿ ಅದನ್ನ ಹದ್ದುಬಸ್ತಿನ್ಯಾಗ ಇಡ್ತಿತ್ತು, ನೀವು ಬಿಡಿಸೀರಿ."

"ವಿಡಿಯೋದಾಗ ಏಜೆಂಟ ಸೂಟು ಹಾಕ್ಕೊಂಡಿದ್ದ," ಎಂದ ಕನಕಪ್ಪ. ಹಿಡಿದ ಪಟ್ಟು ಬಿಡುವವನಲ್ಲ.

ಹಂಪವ್ವನಿಗೆ ರೇಗಿತು. ಬಾತ ಕೈಯಿಂದಲೇ ಕಟ್ಟಿಗೆಯ ಮಾವಿನಹಣ್ಣು ತಂದು ಗಂಡನ ಮುಂದೆ ಹಿಡಿದಳು.

"ತಗೋರಿ, ತಿನ್ರಿ."

"ಹುಚ್ಚಿ ಅದಿ ಏನು? ಇದು ತೋರ್ಸಾಕ ಮಾಡಿದ್ದು, ತಿನ್ನಾಕಲ್ಲ!"

"ಆ ಸೀಸೇನೂ ನೋಡಾಕ ಮಾಡಿದ್ದು, ಚುಚ್ಚಾಕಲ್ಲ. ಬೀಗರು ತಮ್ಮ ಹಲ್ಲಿಲೆ ಕಡದ್ರು, ಅವರ ಹಲ್ಲಷ್ಟ ಅಳ್ಳಾಡ್ತು. ನೀವು ಹಂಗ ಕಡದ್ರ ಹೋಗೋದು ನನ್ನ ಜೀವರಿ!" ಎಂದವಳ ಕಣ್ಣು ತುಂಬಿತು.

ಕನಕಪ್ಪ ಹಣ್ಣು ನೋಡಿದ. ಹಲ್ಲಿನ ಗುರುತು ನೋಡಿದ. ಹೆಂಡತಿಯ ಬೆರಳು ನೋಡಿದ. "ತಪ್ಪಾತು ಮಾರಾಯ್ತಿ," ಎಂದು ಚಪ್ಪಲಿ ಮೆಟ್ಟಿದ. ಅಂದೇ ಇಬ್ಬರೂ ಕೊಪ್ಪಳದ ಬಸ್ಸು ಹತ್ತಿದರು. ಸೀಸೆ ಮತ್ತೆ ಯಾರ ಕೈಗೂ ಸಿಗದಿರಲೆಂದು ದಾನೇಶ್ವರಿ ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡು ಹೋದಳು.

ಡಾಕ್ಟರು ತಪಾಸಣೆ ಮಾಡಿ ಗುಳಿಗೆ ಮತ್ತೆ ಶುರು ಮಾಡಿದರು. ಬಾವು ಇಳಿಯಲು ತಿಂಗಳುಗಳೇ ಹಿಡಿದವು. ಈಗ ಗೌರಿಯ ಕಣ್ಣು ನೆಟ್ಟಗಿದೆ. ಕನಕಪ್ಪ ಮಾವಿನಹಣ್ಣಿನ ಕಥೆ ಹೇಳುವುದನ್ನೇನೂ ಬಿಟ್ಟಿಲ್ಲ. ಕೊನೆಗೆ ಒಂದು ಮಾತು ಮಾತ್ರ ಸೇರಿಸುತ್ತಾನೆ: "ಇದನ್ನ ಕಡದವರು ಇಬ್ರು ನೋಡ್ರಿ. ಒಬ್ಬ ಬೀಗ, ಇನ್ನೊಬ್ಬ ನಾನು!"

ಅಕ್ಕಂದಿರೇ, ಅಣ್ಣಂದಿರೇ, ಬೆಳ್ಳಗಿದ್ದದ್ದೆಲ್ಲ ಹಾಲಲ್ಲ, ಪ್ರೋಟೀನ್ ಎಂದದ್ದೆಲ್ಲ ಔಷಧಿಯಲ್ಲ. ಸೀಸೆಯ ಮೇಲೆ ಏನು ಬರೆದಿದೆ ಎಂದು ಓದಿಸಿ ಕೇಳಿ. ಡಾಕ್ಟರನ್ನು ಕೇಳದೆ ಗುಳಿಗೆ ಬಿಡಬೇಡಿ, ಫೋನಿನಲ್ಲಿ ಬಂದದ್ದನ್ನು ಮೈಗೆ ಚುಚ್ಚಿಸಿಕೊಳ್ಳಬೇಡಿ. ಕಟ್ಟಿಗೆಯ ಹಣ್ಣು ಕಡಿಯುವ ಮೂರನೆಯವರು ನೀವಾಗಬೇಡಿ!