ಫೆಬ್ರುವರಿಗೆ ಕೊಟ್ಟ ಮಾತು

ಗುಡ್ಡದ ಮೇಲಿನ ಎಂಟು ಕೋಣೆಯ ವಿಲ್ಲಾದಲ್ಲಿ ನಾನು ಹಾಸಿಗೆ ಹಾಸಿ ಅಡುಗೆ ಮಾಡಲು ಶುರುಮಾಡಿ ಮೂವತ್ತೊಂದು ವರ್ಷವಾಯಿತು. ಯಾವ ವರ್ಷ ಮಳೆ ಎಂದು ಹಿಡಿಯಿತು, ಯಾವ ಬಿರುಗಾಳಿ ಯಾರ ಮನೆಯ ತಗಡು ಹಾರಿಸಿತು, ಯಾವ ತಿಂಗಳು ಬಂದವರು ಸೊಳ್ಳೆಗೆ ಬೈದುಕೊಂಡು ಮೂರೇ ದಿನಕ್ಕೆ ಗಂಟು ಕಟ್ಟಿದರು, ಎಲ್ಲ ನೆನಪಿದೆ. ಹಾಗಾಗಿ ನಮ್ಮ ಕ್ಯಾರಿಯಾಕೂ ದ್ವೀಪಕ್ಕೆ ಎಂದು ಬಂದರೆ ಚೆನ್ನ ಎಂದು ಯಾರೇ ಕೇಳಲಿ, ಊರಿನವರು "ಯೂನಿಸಕ್ಕನ್ನ ಕೇಳಿ" ಎನ್ನುತ್ತಾರೆ. ಹವೆಯ ವಿಷಯದಲ್ಲಿ ನಾನು ಸುಳ್ಳು ಹೇಳಿದವಳಲ್ಲ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ನನ್ನ ತಮ್ಮ ಕಾನ್ರಾಡ್ ಸುಳ್ಳು ಹೇಳಿಸಲೆಂದೇ ಬಂದ. ಲಂಡನ್ನಿನಲ್ಲಿ ನರ್ಸ್ ಆಗಿರುವ ನಮ್ಮ ಅತ್ತೆಯ ಮರಿಮಗಳು ಜೆನೆಲ್, ಹದಿನಾರು ಜನರನ್ನು ಕಟ್ಟಿಕೊಂಡು ಎರಡು ವಾರ ವಿಲ್ಲಾದಲ್ಲಿರಲು ಬರುವವಳಿದ್ದಳು. ಯಾವ ತಿಂಗಳು ಒಳ್ಳೆಯದೆಂದು ಕೇಳಲು ಸಂಜೆ ಫೋನ್ ಮಾಡುತ್ತೇನೆ ಎಂದಿದ್ದಳು.

"ಅಕ್ಕಾ, ಆಗಸ್ಟ್ ಅಂದ್ಬಿಡು."

"ಯಾವ ಬಾಯಲ್ಲಿ ಅನ್ಲೋ? ಸೆಕೆ, ಮಳೆ, ಸೊಳ್ಳೆ. ಸಾಲದ್ದಕ್ಕೆ ಬಿರುಗಾಳಿ."

"ಹದಿನಾರು ಜನ ಅಂದ್ರೆ ಮೂವತ್ತೆರಡು ಕೈ ಅಕ್ಕಾ. ನನ್ನ ದೋಣಿ ಎಳೀಬೇಕಲ್ಲ!"

ಅವನ ದೋಣಿ ಒಂಬತ್ತು ವರ್ಷದಿಂದ ಮನೆಯಂಗಳದಲ್ಲೇ ನಿಂತಿತ್ತು. ಎರಡು ಹಾಯಿಪಟ ಕಟ್ಟುವಂಥ ದೊಡ್ಡ ದೋಣಿ. ನಮ್ಮಲ್ಲಿ ದೋಣಿಯನ್ನು ಯಂತ್ರ ಇಳಿಸುವುದಿಲ್ಲ. ಊರೇ ಸೇರಿ ಹಗ್ಗ ಹಿಡಿದು ಸಮುದ್ರಕ್ಕೆ ಎಳೆಯಬೇಕು. ನಲವತ್ತು ಜನವಾದರೂ ಬೇಕು. ನಮ್ಮೂರಲ್ಲಿ ಬೆನ್ನು ನೆಟ್ಟಗಿರುವವರು ಇಪ್ಪತ್ತೇ.

"ಮುಂದಿನ ಆಗಸ್ಟ್‌ಗೆ ಖಂಡಿತ ತಯಾರಾಗುತ್ತೆ" ಎಂದ.

"ಮೊದಲನೇ ಆಗಸ್ಟ್‌ಗೆ ಹಲಗೆ ಒಣಗಿರ್ಲಿಲ್ಲ" ಎಂದೆ. "ಎರಡನೇದಕ್ಕೆ ನಿನ್ನ ಹೆಬ್ಬೆರಳು ಊದಿತ್ತು. ನಾಲ್ಕನೇದಕ್ಕೆ ಬಣ್ಣ ನೀಲಿನೋ ಹಸಿರೋ ಗೊತ್ತಾಗ್ಲಿಲ್ಲ."

"ಬಣ್ಣ ಅಂದ್ರೆ ಸಣ್ಣ ವಿಷಯಾನಾ?"

ಅವನ ಹೆಂಡತಿ ಆಲ್ತಿಯಾ ಬೇಲಿಯಾಚೆಯಿಂದಲೇ ಕೂಗಿದಳು. "ನನ್ನ ಕೋಳಿಗಳು ಆ ದೋಣಿಯೊಳಗೆ ಮೂರು ತಲೆಮಾರು ಮರಿ ಮಾಡಿವೆ. ಇಳಿಸೋ ಮುಂಚೆ ಅವುಗಳನ್ನೂ ಒಂದು ಮಾತು ಕೇಳಿ!"

ನಾನು ನಗಲಿಲ್ಲ. ಹಿಂದಿನ ವಾರ ಅದೇ ದೋಣಿಯ ಅಡಿಮರವನ್ನು ಉಗುರಿನಿಂದ ಒತ್ತಿ ನೋಡಿದ್ದೆ. ಒಂದು ಕಡೆ ಉಗುರು ಒಳಕ್ಕಿಳಿಯಿತು. ಹುಳ ಬಿದ್ದಿತ್ತು. ಇನ್ನೊಂದು ಮಳೆಗಾಲ ಅಂಗಳದಲ್ಲೇ ಕಳೆದರೆ ಆ ದೋಣಿ ಸಮುದ್ರಕ್ಕಲ್ಲ, ಒಲೆಗೇ. ಕಾನ್ರಾಡನಿಗೂ ಗೊತ್ತಿತ್ತು, ಆ ಕಡೆ ಅವನು ಸುಳಿಯುತ್ತಿರಲಿಲ್ಲ.

ಸಂಜೆ ಫೋನ್ ಬಂತು. ಎಲ್ಲರಿಗೂ ಕೇಳಲೆಂದು ಮೇಜಿನ ಮೇಲಿಟ್ಟೆ. ಕಾನ್ರಾಡ್ ಎದುರಿಗೆ ಕೂತು ಎಂಟನೇ ತಿಂಗಳೆಂದು ಎಂಟು ಬೆರಳು ತೋರಿಸಿದ.

"ಯೂನಿಸಜ್ಜಿ, ಯಾವಾಗ ಬರೋಣ?"

"ಫೆಬ್ರುವರಿ" ಎಂದೆ. "ಮಳೆ ಇರಲ್ಲ, ಸೊಳ್ಳೆ ಇರಲ್ಲ, ತಂಪು ಗಾಳಿ. ತೊಗರಿಕಾಯಿ ಬಲಿತಿರುತ್ತೆ, ಹಸಿಕಾಳು ಹಾಕಿ ಅನ್ನ ಮಾಡಿಕೊಡ್ತೀನಿ."

ಬೆರಳುಗಳು ಒಂದೊಂದಾಗಿ ಮಡಿಚಿಕೊಂಡವು. ಅವನು ಏಳುವ ಮೊದಲೇ ಮುಂದುವರಿಸಿದೆ. "ಆದ್ರೆ ಬಂದೋರು ಹಗ್ಗ ಎಳೀಬೇಕು ಮಗಳೇ. ಫೆಬ್ರುವರಿ ಎರಡನೇ ಶನಿವಾರ ನಿನ್ನ ಕಾನ್ರಾಡ್ ತಾತ ದೋಣಿ ಇಳಿಸ್ತಾನೆ. ಅದಕ್ಕೆ ಧರ್ಮತಾಯಿ ನೀನೇ."

ಆ ಕಡೆಯಿಂದ ಬಂದ ಕಿರುಚಾಟಕ್ಕೆ ಆಲ್ತಿಯಾಳ ಕೋಳಿಗಳೂ ಎದ್ದವು. ನಮ್ಮಲ್ಲಿ ಮಗುವಿಗಿದ್ದ ಹಾಗೆ ದೋಣಿಗೂ ಧರ್ಮತಾಯಿ ಇರುತ್ತಾಳೆ, ಇಳಿಸುವ ದಿನ ದೋಣಿಯ ಹೆಸರಿನ ಬಾವುಟ ಬಿಚ್ಚುವವಳು ಅವಳೇ. ಒಮ್ಮೆ ಯಾರನ್ನಾದರೂ ಕರೆದರೆ ದಿನ ಬದಲಿಸುವಂತಿಲ್ಲ. ದಿನ ಬದಲಿಸಿದ ದೋಣಿಯನ್ನು ಯಾರೂ ಹತ್ತುವುದಿಲ್ಲ. ಹವೆಯ ವಿಷಯದಲ್ಲಿ ನಾನು ನಿಜವನ್ನೇ ಹೇಳಿದ್ದೆ. ದೋಣಿಯ ವಿಷಯದಲ್ಲಿ ಅಲ್ಲ.

"ಯಾರನ್ನ ಕೇಳಿ ಹೇಳ್ದೆ?" ಕಾನ್ರಾಡ್ ಗುಡುಗಿದ.

"ಕೋಳಿಗಳನ್ನ."

ಅಂದಿನಿಂದ ಐದು ತಿಂಗಳು ಅವನು ನನ್ನೊಡನೆ ಮಾತಾಡಲಿಲ್ಲ. ಆದರೆ ಮಾರನೆಯ ದಿನ ಬೆಳಗಾಗುವಾಗಲೇ ಸುತ್ತಿಗೆಯ ಸದ್ದು ಕೇಳಿತು. ಹುಳ ತಿಂದ ಮರವನ್ನು ಕೊಯ್ದು ತೆಗೆದು ಹೊಸದನ್ನು ಕೂರಿಸಿದ. ನೀರು ನುಗ್ಗದಂತೆ ಹಲಗೆಯ ಸಂದಿಗಳಿಗೆ ಹತ್ತಿ ಬಡಿದ. ಕ್ರಿಸ್‌ಮಸ್ಸಿಗೆ ಪುಂಡಿ ಹೂವಿನ ಪಾನಕ ಕಳಿಸಿದೆ. ಕುಡಿದು, ಲೋಟ ತೊಳೆಯದೆ ವಾಪಸ್ ಕಳಿಸಿದ. ಸಿಟ್ಟು ಇಳಿದಿಲ್ಲ ಎಂದುಕೊಂಡೆ.

ಜೆನೆಲ್‌ಳ ದಂಡು ಫೆಬ್ರುವರಿಯಲ್ಲಿ ಬಂದಿಳಿಯಿತು. ಮೊದಲ ದಿನವೇ ಅವಳ ಗಂಡ "ಗಾಳಿ ಸ್ವಲ್ಪ ಜಾಸ್ತಿ ಅಲ್ವಾ ಅಜ್ಜಿ?" ಎಂದ. ಅತ್ಯುತ್ತಮ ತಿಂಗಳಲ್ಲೂ ಒಂದು ಕೊರತೆ ಹುಡುಕದಿದ್ದರೆ ರಜೆ ಹಾಕಿದ ಹಾಗಾಗುವುದಿಲ್ಲ, ಮೂವತ್ತೊಂದು ವರ್ಷದಿಂದ ನೋಡಿದ್ದೇನೆ.

ಶನಿವಾರ ಮೇಕೆ ಕಡಿದರು, ಪಾದ್ರಿ ನೀರು ಚಿಮುಕಿಸಿದರು, ರಮ್ ಸುರಿದರು. ನಾವು ಹೆಂಗಸರು ಮೆಕ್ಕೆಜೋಳದ ಮುದ್ದೆ ತಿರುವುತ್ತಿದ್ದೆವು. ದೋಣಿಯನ್ನು ನೆಟ್ಟಗೆ ನಿಲ್ಲಿಸಿದ್ದ ಆನಿಕೆಯ ಗೂಟ ಕಡಿಯುವ ಕೆಲಸ ಬಲ್ಲವರು ಈಗ ಇಬ್ಬರೇ, ಕಾನ್ರಾಡ್ ಮತ್ತು ಎಂಬತ್ತರ ಫಿಟ್ಜ್‌ರಾಯ್. ಇಬ್ಬರೂ ಕೊಡಲಿ ಹಿಡಿದು ಗೂಟಗಳನ್ನು ಒಂದೊಂದಾಗಿ ಕಡಿದರು. ದೋಣಿ ಮಲಗುವ ಹಸುವಿನಂತೆ ನಿಧಾನವಾಗಿ ಉರುಳುಮರಗಳ ಮೇಲೆ ಒರಗಿತು.

ಎಳೆದರು. ಹಗ್ಗ ಬಿಗಿಯಿತು, ದೋಣಿ ಅಲುಗಲಿಲ್ಲ. ಮತ್ತೆ ಎಳೆದರು. ಜೆನೆಲ್‌ಳ ಗಂಡ ಅಂಗೈಯ ಬೊಬ್ಬೆ ನೋಡಿಕೊಂಡ. ಕಾನ್ರಾಡ್ ಕೊಡಲಿ ಕೆಳಗಿಟ್ಟು ದೋಣಿಗೆ ಬೆನ್ನು ಹಾಕಿ ನಿಂತ.

"ಮುದ್ದೆ ಹಾಳಾಗಿ ಹೋಗ್ಲಿ!" ಎಂದು ಆಲ್ತಿಯಾ ಸೌಟು ಎಸೆದಳು. ಹಿಟ್ಟಿನ ಕೈಯಲ್ಲೇ ಹನ್ನೊಂದು ಹೆಂಗಸರು ಹೋಗಿ ಹಗ್ಗ ಹಿಡಿದೆವು. ದೋಣಿ ಒಮ್ಮೆ ನರಳಿತು. ಆಮೇಲೆ ಅದು ಓಡಿತು, ನಾವು ಅದರ ಹಿಂದೆ ಬಿದ್ದೆವು. ಮೇಲರ್ಧ ನೀಲಿ, ಕೆಳಗರ್ಧ ಹಸಿರು, ನೆಟ್ಟಗೆ ತೇಲಿತು. ಜೆನೆಲ್ ಬಾವುಟ ಬಿಚ್ಚಿದಾಗ ಅದರಲ್ಲಿ ನಮ್ಮಮ್ಮನ ಹೆಸರಿತ್ತು.

ಮುದ್ದೆ ತಳ ಹಿಡಿದಿತ್ತು. ಯಾರೂ ದೂರದೆ ತಿಂದರು. ಕಾನ್ರಾಡ್ ಮಾತ್ರ ಸೊಂಟದ ಮಟ್ಟದ ನೀರಲ್ಲಿ ದೋಣಿಯ ಪಕ್ಕ ಕೈಯಾನಿಸಿ ನಿಂತೇ ಇದ್ದ. ತಟ್ಟೆ ಹಿಡಿದು ದಡದವರೆಗೆ ಹೋದೆ. ಅವನು ತಿರುಗಿ ನೋಡಿದ.

"ನೀರು ತಣ್ಣಗಿದೆ ಅಕ್ಕಾ" ಎಂದ. "ಆಗಸ್ಟ್ ಆಗಿದ್ರೆ ಬೆಚ್ಚಗಿರ್ತಿತ್ತು."