ಆರನೇ ಗೆರೆಯಲ್ಲಿ ನಿಂತ ಮುಳ್ಳು

ನನ್ನನ್ನು ನೋಡಿದವರು ಮೊದಲು ಗಡಿಯಾರ ಎಂದುಕೊಳ್ಳುತ್ತಾರೆ. ದುಂಡು ಮುಖ, ಗಾಜು, ಸುತ್ತಲೂ ಅಂಕಿಗಳು, ನಡುವೆ ಒಂದೇ ಒಂದು ಕಪ್ಪು ಮುಳ್ಳು. ಆದರೆ ನನಗೆ ಹೊತ್ತು ಹೇಳಲು ಬರುವುದಿಲ್ಲ. ಕೊಳವೆಯೊಳಗೆ ಎಣ್ಣೆಯೋ ಅನಿಲವೋ ಎಷ್ಟು ಜೋರಾಗಿ ಒತ್ತುತ್ತಿದೆ ಎಂದು ಹೊರಗೆ ನಿಂತವರಿಗೆ ತೋರಿಸುವುದೇ ನನ್ನ ಕೆಲಸ. ನಾನು ಒಂದು ಪ್ರೆಶರ್ ಗೇಜ್.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ. ನನ್ನ ಹೊಟ್ಟೆಯೊಳಗೆ ಕುಡುಗೋಲಿನ ಹಾಗೆ ಬಾಗಿದ ಒಂದು ಕೊಳವೆ ಇದೆ. ಒತ್ತಡ ಏರಿದರೆ ಅದು ಚೂರು ನೆಟ್ಟಗಾಗುತ್ತದೆ, ಮುಳ್ಳು ತಿರುಗುತ್ತದೆ. ಅಷ್ಟೇ ನನ್ನ ವಿದ್ಯೆ. ಮುಳ್ಳು ಕೂರಿಸಿದವಳು ಈರವ್ವ ಎಂಬ ನಡುವಯಸ್ಸಿನ ಹೆಂಗಸು. ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡು, ಉಸಿರು ಬಿಗಿಹಿಡಿದು ಅವಳು ಮುಳ್ಳನ್ನು ಸೊನ್ನೆಯ ಮೇಲೆ ಇಟ್ಟಳು. ಆಮೇಲೆ ಹುಲ್ಲು ತುಂಬಿದ ಪೆಟ್ಟಿಗೆ, ಲಾರಿ, ಘಾಟಿಯ ತಿರುವುಗಳು.

ಪೆಟ್ಟಿಗೆ ತೆರೆದಾಗ ನಾನು ಕರಾವಳಿಯ ಒಂದು ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿದ್ದೆ. ಮೊದಲ ದಿನ ಕಂಡದ್ದನ್ನು ಇಂದಿಗೂ ಮರೆತಿಲ್ಲ. ಆಕಾಶಕ್ಕೆ ಮುಟ್ಟಿದಂತಿದ್ದ ಉಕ್ಕಿನ ಗೋಪುರಗಳು. ಅವುಗಳೊಳಗೆ ಕಚ್ಚಾ ಎಣ್ಣೆ ಕುದಿದು ಆವಿಯಾಗಿ ಏರುತ್ತಿತ್ತು. ಮೇಲಿನ ಅಂತಸ್ತಿನಲ್ಲಿ ಅಡುಗೆ ಅನಿಲ, ಅದರ ಕೆಳಗೆ ಪೆಟ್ರೋಲು, ಆಮೇಲೆ ಸೀಮೆಎಣ್ಣೆ, ಡೀಸೆಲ್, ತಳದಲ್ಲಿ ಡಾಂಬರು. ಒಂದೇ ಕಪ್ಪು ದ್ರವದಿಂದ ಇಷ್ಟೆಲ್ಲ! ದೂರದ ಚಿಮಣಿಯ ತುದಿಯಲ್ಲಿ ಹಗಲಿರುಳು ಒಂದು ಜ್ವಾಲೆ ಉರಿಯುತ್ತಿತ್ತು. ಇಷ್ಟು ದೊಡ್ಡ ಶಕ್ತಿಯನ್ನು ಕೊಳವೆಗಳಲ್ಲಿ ಹಿಡಿದಿಟ್ಟ ಮನುಷ್ಯರೆಂದರೆ ಎಂಥವರಿರಬೇಕು ಎಂದುಕೊಂಡೆ.

ನನ್ನನ್ನು ಒಂದು ದೊಡ್ಡ ಪಂಪಿನ ಕೊಳವೆಗೆ ಬಿಗಿದರು. ಅಲ್ಲಿ ಒಂಬತ್ತು ವರ್ಷ ಕಳೆದೆ.

ಆ ಮನುಷ್ಯರಲ್ಲಿ ಇಬ್ಬರನ್ನು ನಾನು ಹತ್ತಿರದಿಂದ ಬಲ್ಲೆ. ಒಬ್ಬರು ವಲೇರಿಯನ್ ಪಿಂಟೋ, ಕಂಪನಿಯ ಖಾಯಂ ಆಪರೇಟರ್. ಪ್ರತಿ ಎರಡು ಗಂಟೆಗೊಮ್ಮೆ ಬಂದು, ನನ್ನ ಗಾಜನ್ನು ಹೆಬ್ಬೆರಳಿನಿಂದ ಒರೆಸಿ, ಅಂಕಿ ಓದಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಇನ್ನೊಬ್ಬ ದೂಮಪ್ಪ, ಗುತ್ತಿಗೆದಾರನ ಕೈಕೆಳಗಿನ ಫಿಟ್ಟರ್. ಮೂರನೇ ಕ್ಲಾಸಿನವರೆಗೆ ಓದಿದ್ದ. ಆದರೆ ಬೋಲ್ಟಿನ ಮೇಲೆ ಕೈ ಇಟ್ಟರೆ ಸಾಕು, ಒಳಗೆ ತಿರುಪಿನ ಸುತ್ತು ಸವೆದಿದೆಯೇ ಎಂದು ಹೇಳುತ್ತಿದ್ದ. ಹದಿನಾಲ್ಕು ವರ್ಷ ಅದೇ ಗೇಟಿನಲ್ಲಿ ಒಳಗೆ ಬಂದರೂ ಅವನ ಹೆಸರು ಕಂಪನಿಯ ಪುಸ್ತಕದಲ್ಲಿ ಇರಲಿಲ್ಲ.

ಒಂದು ಮಾರ್ಚ್ ತಿಂಗಳಲ್ಲಿ ಪಂಪು ಸೋರತೊಡಗಿತು. ಬಿಚ್ಚಿ ರಿಪೇರಿ ಮಾಡಬೇಕು. ಅದಕ್ಕೆ ಮೊದಲು ಎರಡು ಕಡೆಯ ವಾಲ್ವ್ ಮುಚ್ಚಿ, ಒಳಗಿನ ಎಣ್ಣೆ ಖಾಲಿ ಮಾಡಿ, ಒತ್ತಡ ಸೊನ್ನೆಗೆ ಬಂತೆಂದು ನೋಡಿ, ಪರ್ಮಿಟ್ ಎಂಬ ಕಾಗದಕ್ಕೆ ಸಹಿ ಹಾಕಬೇಕು. ವಾಲ್ವ್ ಮುಚ್ಚಿದರು. ಆದರೆ ಹಳೆಯ ವಾಲ್ವ್ ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಒಳಗೆ ಎಣ್ಣೆ ಇನ್ನೂ ನುಗ್ಗುತ್ತಿರುವುದು ನನ್ನ ಹೊಟ್ಟೆಗೆ ಗೊತ್ತಾಗುತ್ತಿತ್ತು. ನನ್ನ ಮುಳ್ಳು ಆರನೇ ಗೆರೆಯಲ್ಲೇ ನಿಂತಿತ್ತು.

ವಲೇರಿಯನ್ ನೋಡಿದರು. ಶಿಫ್ಟ್ ಇಂಜಿನಿಯರರನ್ನು ಕರೆದರು.

"ಸಾರ್, ಇನ್ನೂ ಆರು ತೋರಿಸ್ತಾ ಉಂಟು."

"ಹಳೇ ಗೇಜ್ ಅಲ್ವಾ, ಮುಳ್ಳು ಅಂಟಿಕೊಂಡಿರ್ತದೆ. ತಟ್ಟಿ ನೋಡಿ."

ತಟ್ಟಿದರು. ನಾನು ಅಲುಗಲಿಲ್ಲ, ಆರು ಆರೇ.

"ನಾಳೆ ಸಂಜೆಗೆ ಈ ಪಂಪು ಚಾಲು ಆಗ್ಬೇಕು ವಲೇರಿಯನ್. ಬದಲಿ ಗೇಜ್ ಆಮೇಲೆ ಹಾಕುವ." ಇಂಜಿನಿಯರರು ಪರ್ಮಿಟ್‌ನಲ್ಲಿ ಸೊನ್ನೆ ಎಂದು ಬರೆದು ಸಹಿ ಮಾಡಿದರು. ವಲೇರಿಯನ್ ತಮ್ಮ ಪುಸ್ತಕದಲ್ಲಿ ಆರು ಎಂದು ಬರೆದರು. ಅಷ್ಟರಲ್ಲಿ ಎರಡು ಗಂಟೆಯ ಸೈರನ್ ಆಯಿತು. ಅವರು ಚೀಲ ಹೆಗಲಿಗೇರಿಸಿ ಮನೆಗೆ ಹೋದರು.

ಮಧ್ಯಾಹ್ನದ ಪಾಳಿಯಲ್ಲಿ ದೂಮಪ್ಪ ಬಂದ. ಜೊತೆಗೆ ಬಶೀರ್ ಎಂಬ ಇನ್ನೊಬ್ಬ ಫಿಟ್ಟರ್, ಮತ್ತು ಅವರ ಮೇಸ್ತ್ರಿ ಸುಂದರ. ಬಶೀರ್ ಪಂಪಿಗೂ ಗೋಡೆಗೂ ನಡುವಿನ ಸಂದಿನಲ್ಲಿ ಕುಕ್ಕರಗಾಲಲ್ಲಿ ಕುಳಿತ. ದೂಮಪ್ಪ ಸ್ಪ್ಯಾನರ್ ಎತ್ತಿದವನು ನನ್ನ ಕಡೆ ನೋಡಿ ತಡೆದ.

"ಮೇಸ್ತ್ರೀ, ಇದ್ರಲ್ಲಿ ಪ್ರೆಶರ್ ಉಂಟಲ್ಲ?"

ಸುಂದರ ಕಾಗದ ತೋರಿಸಿದ. "ಸೊನ್ನೆ ಅಂತ ಬರ್ದು ಸಹಿ ಹಾಕಿದ್ದಾರೆ ಮಾರಾಯ. ಅದು ಹಾಳಾದ ಮೀಟರಂತೆ."

ದೂಮಪ್ಪ ಇನ್ನೊಮ್ಮೆ ನನ್ನನ್ನು ನೋಡಿದ. ಆಮೇಲೆ ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದ.

ಮೂರನೇ ಬೋಲ್ಟು ಸಡಿಲವಾದಾಗ ಬಿಸಿ ಎಣ್ಣೆ ಬಿಳಿ ಹಬೆಯಾಗಿ ಚಿಮ್ಮಿತು. ದೂಮಪ್ಪನ ಬೆನ್ನ ಹಿಂದೆ ದಾರಿ ತೆರೆದಿತ್ತು. ನಾಲ್ಕು ಹೆಜ್ಜೆ ಓಡಿದ್ದರೆ ಆಗುತ್ತಿತ್ತು. ಬಶೀರನಿಗೆ ದಾರಿ ಇರಲಿಲ್ಲ. ದೂಮಪ್ಪ ಆ ಕುದಿಯುವ ಹಬೆಯೊಳಕ್ಕೆ ಎರಡೂ ಕೈ ಚಾಚಿ, ಬಶೀರನ ಬೆಲ್ಟು ಹಿಡಿದು, ಪಂಪಿನ ಮೇಲಿನಿಂದಲೇ ಎಳೆದ. ಇಬ್ಬರೂ ಹೊರಬಿದ್ದು ಎದ್ದರೋ ಇಲ್ಲವೋ, ಎಲ್ಲಿಂದಲೋ ಒಂದು ಕಿಡಿ ಹಬೆಗೆ ಸೇರಿತು.

ಅದನ್ನು ನಾನು ಹೇಗೆ ಹೇಳಲಿ? ಗಾಳಿಯೇ ಬೆಂಕಿಯಾಯಿತು. ನೆಲ ಮೇಲೆದ್ದು ಕುಳಿತಂತಾಯಿತು. ಒಂಬತ್ತು ವರ್ಷ ಕೊಳವೆಯೊಳಗೆ ನಾನು ಅಳೆದದ್ದು ಏನನ್ನು ಎಂಬುದು ಆ ಕ್ಷಣದಲ್ಲಿ ಮೊದಲ ಸಲ ತಿಳಿಯಿತು. ನಾನಿದ್ದ ಕೊಳವೆಯ ತುಂಡು ಮುರಿದು, ನನ್ನನ್ನೂ ಹೊತ್ತು ಹಾರಿ, ದೂರದ ಹೊಯ್ಗೆಯ ರಾಶಿಯಲ್ಲಿ ಹೂತುಹೋಯಿತು. ಗಾಜು ಒಡೆದಿತ್ತು, ಮುಖ ಕಪ್ಪಾಗಿತ್ತು.

ಸುಂದರ ಮೇಸ್ತ್ರಿ ಅಲ್ಲೇ ತೀರಿಕೊಂಡ. ಬಶೀರನ ಒಂದು ಕಿವಿ ಹೋಯಿತು. ದೂಮಪ್ಪನ ಮುಖ, ಎದೆ, ಎರಡೂ ಕೈ ಸುಟ್ಟವು. ಅವನು ಏಳು ತಿಂಗಳು ಆಸ್ಪತ್ರೆಯಲ್ಲಿದ್ದ.

ಮೂರನೇ ದಿನ ಹೊಯ್ಗೆ ಬಗೆದು ನನ್ನನ್ನು ತೆಗೆದವರು ಕಾರ್ಖಾನೆಗಳ ಇಲಾಖೆಯ ಇನ್‌ಸ್ಪೆಕ್ಟರ್ ನಾಗವೇಣಿ ಮೇಡಂ. ನನ್ನನ್ನು ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ, ಚೀಟಿ ಅಂಟಿಸಿದರು. ಅಂದಿನಿಂದ ನಾನು ಮುದ್ದೆಮಾಲು, ಎಂದರೆ ಕೇಸಿನ ಸಾಕ್ಷಿಯ ವಸ್ತು. ಒಂದೂವರೆ ವರ್ಷ ಕತ್ತಲೆಯ ಕಪಾಟಿನಲ್ಲಿದ್ದು, ಒಂದು ಬೆಳಿಗ್ಗೆ ನ್ಯಾಯಾಲಯದ ಮೇಜಿನ ಮೇಲೆ ಕಣ್ಣು ಬಿಟ್ಟೆ.

ಎದುರಿಗೆ ದೂಮಪ್ಪ ಕುಳಿತಿದ್ದ. ಅವನ ಬೆರಳುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಪಕ್ಕದಲ್ಲಿ ಹೆಂಡತಿ ಗುಲಾಬಿ, ಬೀಡಿ ಕಟ್ಟುವ ಹೆಂಗಸು. ಅವರ ವಕೀಲೆ ಜುಲೇಖಾ ಮೆಲ್ಲಗೆ ಹೇಳುತ್ತಿದ್ದರು: "ಗುಲಾಬಿ ಅಕ್ಕ, ಗುತ್ತಿಗೆದಾರ ಕಂಪನಿಯನ್ನು ತೋರಿಸ್ತಾನೆ, ಕಂಪನಿ ಗುತ್ತಿಗೆದಾರನನ್ನು ತೋರಿಸ್ತದೆ. ಹೆದರಬೇಡಿ. ಕೆಲಸ ಯಾರದ್ದೋ ಅವರ ಹತ್ತಿರವೇ ಪರಿಹಾರ ಕೇಳುವ ಹಕ್ಕು ಕಾನೂನಿನಲ್ಲಿ ಉಂಟು. ಅವರಿಬ್ಬರ ಲೆಕ್ಕ ಆಮೇಲೆ ಅವರೇ ನೋಡಿಕೊಳ್ಳಲಿ."

"ತಪ್ಪು ಇವರದ್ದೇ ಅಂತ ಹೇಳ್ತಾರಂತಲ್ಲ ಮೇಡಂ?"

"ಹೇಳಲಿ. ಹೇಳಿದ ಮಾತ್ರಕ್ಕೆ ಆಗುವುದಿಲ್ಲ."

ದೂಮಪ್ಪ ಅಂದು ನಡೆದದ್ದನ್ನೆಲ್ಲ ನ್ಯಾಯಾಧೀಶರಿಗೆ ಹೇಳಿದ. ದನಿ ಒಡೆದಿತ್ತು, ಮಾತು ಎಲ್ಲೂ ತಪ್ಪಲಿಲ್ಲ. ಮುಗಿದ ಮೇಲೆ ಗುಮಾಸ್ತರು ಹೇಳಿಕೆಯ ಕಾಗದವನ್ನೂ ಶಾಯಿಯ ಪ್ಯಾಡನ್ನೂ ಮುಂದಿಟ್ಟು, "ಇಲ್ಲಿ ಹೆಬ್ಬೆಟ್ಟು ಒತ್ತಿ" ಎಂದರು. ಆಮೇಲೆ ಅವನ ಕೈ ನೋಡಿ ನಾಲಿಗೆ ಕಚ್ಚಿಕೊಂಡರು. ಒತ್ತಲು ಅಲ್ಲಿ ಗೆರೆಗಳೇ ಉಳಿದಿರಲಿಲ್ಲ.

"ಪೆನ್ನು ಕೊಡಿ" ಎಂದ ದೂಮಪ್ಪ.

ಎರಡು ಅಂಗೈಗಳ ನಡುವೆ ಪೆನ್ನನ್ನು ಅದುಮಿ ಹಿಡಿದು, ಮೇಜಿನ ಮೇಲೆ ಬಾಗಿ ಬರೆಯತೊಡಗಿದ. 'ದೂ' ಬರೆಯುವಷ್ಟರಲ್ಲಿ ಹಣೆಯಲ್ಲಿ ಬೆವರು. ಗುಲಾಬಿ ಪಕ್ಕದಲ್ಲೇ ನಿಂತಿದ್ದಳು, ಕೈ ಚಾಚಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ದಿನಾಲೂ ಬೀಡಿ ಕಟ್ಟುವ ಮೊರದ ಪಕ್ಕ ಸ್ಲೇಟು ಇಟ್ಟು ಅವಳೇ ಕಲಿಸಿದ್ದಳಂತೆ. ನ್ಯಾಯಾಧೀಶರು ಮುಂದಿನ ಕೇಸು ಕರೆಯಲಿಲ್ಲ. ಕಂಪನಿಯ ವಕೀಲರೂ ಕಾಗದ ಮಗುಚುವುದನ್ನು ನಿಲ್ಲಿಸಿದರು. 'ಪ್ಪ'ದ ಒತ್ತು ಮುಗಿದಾಗ ಇಡೀ ಕೋಣೆ ಉಸಿರು ಬಿಟ್ಟಿತು.

ಮುಂದಿನ ತಾರೀಕಿಗೆ ಕಂಪನಿಯ ವಕೀಲರು ಎರಡು ಮಾತು ಹೇಳಿದರು. ದೂಮಪ್ಪ ಗೇಜ್ ನೋಡದೆ ಬೋಲ್ಟು ಬಿಚ್ಚಿದ. ಅಲ್ಲದೆ ಆ ಗೇಜ್ ಕೆಟ್ಟುಹೋಗಿತ್ತು.

ಜುಲೇಖಾ ಎದ್ದು ನಿಂತರು. "ಸ್ವಾಮಿ, ಕೆಟ್ಟ ಗೇಜನ್ನು ಇವನು ಯಾಕೆ ನೋಡ್ಬೇಕಿತ್ತು? ಸರಿ ಇದ್ದ ಗೇಜನ್ನು ಅವರು ಯಾಕೆ ನಂಬಲಿಲ್ಲ? ಎರಡರಲ್ಲಿ ಒಂದನ್ನು ಅವರೇ ಆರಿಸಿಕೊಳ್ಳಲಿ."

ವಲೇರಿಯನ್ ಸಾಕ್ಷಿಗೆ ಬಂದರು. ಅವರ ನಿವೃತ್ತಿಗೆ ಮೂರು ತಿಂಗಳಷ್ಟೇ ಉಳಿದಿತ್ತು. ಅವರು ಬರೆದಿದ್ದ ಪುಸ್ತಕ ಬೆಂಕಿಯಲ್ಲಿ ಸುಟ್ಟಿತೆಂದು ಕಂಪನಿ ಹೇಳಿತ್ತು. ನೆನಪಿಲ್ಲ ಎಂದುಬಿಟ್ಟಿದ್ದರೆ ಅವರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ.

"ಆರು ಇತ್ತು. ನಾನೇ ಓದಿದ್ದು, ನಾನೇ ಬರೆದದ್ದು."

"ಹಾಗಾದರೆ ಕೆಲಸ ನಿಲ್ಲಿಸಲಿಲ್ಲ ಯಾಕೆ?" ಎಂದರು ಕಂಪನಿಯ ವಕೀಲರು.

"ಇಂಜಿನಿಯರ್ ಹೇಳಿದ್ರು, ಮುಳ್ಳು ಅಂಟಿದೆ ಅಂತ. ನಾನು ಬರೆದು ಮನೆಗೆ ಹೋದೆ. ಹೋಗ್ಬಾರದಿತ್ತು. ಊಟಕ್ಕೆ ಕೂತಿದ್ದೆ ಸಾರ್, ಎರಡು ತುತ್ತು ತಿಂದಿರ್ಬೇಕು, ಆಗ ನಮ್ಮ ಮನೆ ಕಿಟಕಿ ಅದುರಿತು."

ಅವರು ಕೆಳಗಿಳಿದು ಬರುವಾಗ ದೂಮಪ್ಪನ ಮುಖ ನೋಡಲು ಧೈರ್ಯ ಸಾಲದೆ ಗೋಡೆಯ ಬದಿ ಹಿಡಿದು ನಡೆದರು. ದೂಮಪ್ಪನೇ ಕರೆದ. "ವಲೇರಿಯನಣ್ಣ, ಬುತ್ತಿ ತಂದಿದ್ದೇವೆ. ಗುಲಾಬಿ ಒಣಮೀನಿನ ಚಟ್ನಿ ಮಾಡಿದ್ದಾಳೆ. ಉಂಡುಕೊಂಡು ಹೋಗಿ." ವಲೇರಿಯನ್ ಅಲ್ಲೇ ಬೆಂಚಿನ ಮೇಲೆ ಕುಸಿದು ಕುಳಿತು, ಮುಖ ಮುಚ್ಚಿಕೊಂಡರು.

ನಾನು ಕೆಟ್ಟಿದ್ದೆನೋ ಇಲ್ಲವೋ ಎಂಬುದನ್ನು ಈಗ ಪರೀಕ್ಷಿಸಬೇಕಾಯಿತು. ಸರ್ಕಾರಿ ಪ್ರಯೋಗಾಲಯದಲ್ಲಿ ನನ್ನನ್ನು ಒಂದು ಯಂತ್ರಕ್ಕೆ ಸಿಕ್ಕಿಸಿದರು. ಎರಡೂ ಕಡೆಯವರು ಸುತ್ತ ನಿಂತರು. ನನಗೆ ಭಯವಾಯಿತು. ಅಷ್ಟು ದೂರ ಹಾರಿ ಬಿದ್ದವನು, ಬೆಂಕಿ ಕಂಡವನು. ನನ್ನೊಳಗಿನ ಕೊಳವೆ ಕೂದಲೆಳೆಯಷ್ಟು ಸೊಟ್ಟಗಾಗಿದ್ದರೂ ದೂಮಪ್ಪನ ಮಾತು ಸುಳ್ಳಾಗುತ್ತದೆ. ಎಣ್ಣೆ ಮೆಲ್ಲಗೆ ಒಳನುಗ್ಗಿತು. ಎರಡು ಕೊಟ್ಟರು, ಎರಡು ತೋರಿಸಿದೆ. ನಾಲ್ಕು, ನಾಲ್ಕು. ಆರು ಕೊಟ್ಟಾಗ ಕಪ್ಪುಗಟ್ಟಿದ ನನ್ನ ಮುಖದ ಮೇಲೆ ಮುಳ್ಳು ಆರನೇ ಗೆರೆಗೆ ಹೋಗಿ ನಿಂತಿತು. ಒತ್ತಡ ತೆಗೆದರು. ಎಲ್ಲೂ ಅಂಟದೆ ಸೊನ್ನೆಗೆ ಇಳಿಯಿತು.

"ಗೇಜ್ ಸರಿ ಇದೆ" ಎಂದು ಅಧಿಕಾರಿ ಬರೆದುಕೊಂಡರು. ಜುಲೇಖಾ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಮಳೆಗಾಲ ಮುಗಿಯುವಾಗ ತೀರ್ಪು ಬಂತು. ಗುತ್ತಿಗೆಯವನಾದರೂ ದೂಮಪ್ಪ ಕಂಪನಿಯ ಕೆಲಸ ಮಾಡುತ್ತಲೇ ಗಾಯಗೊಂಡವನು. ಕಂಪನಿಯೇ ಪರಿಹಾರ ಕೊಡಬೇಕು. ಫಿಟ್ಟರನಿಗೆ ಎರಡು ಕೈ ಹೋದರೆ ದುಡಿಮೆ ಪೂರ್ತಿ ಹೋದಂತೆ. ತಪ್ಪು ಅವನದ್ದೆಂಬ ವಾದಕ್ಕೆ ಆಧಾರವಿಲ್ಲ. ಸುಂದರನ ಹೆಂಡತಿಯ ಅರ್ಜಿಯಲ್ಲೂ ಅದೇ ತೀರ್ಪು. ಕಂಪನಿ ಮೇಲಿನ ನ್ಯಾಯಾಲಯಕ್ಕೆ ಹೋಯಿತು. ಅಲ್ಲೂ ಮಾತು ಬದಲಾಗಲಿಲ್ಲ. ಆ ಪರಿಹಾರದಿಂದ ದೂಮಪ್ಪನ ಕೈ ಮರಳಿ ಬರಲಿಲ್ಲ. ತೀರ್ಪು ಕೇಳಿದ ದಿನ ಗುಲಾಬಿ ಸಂತೋಷಪಟ್ಟದ್ದಕ್ಕಿಂತ ಹೆಚ್ಚು ಅತ್ತಳೆಂದು ಜುಲೇಖಾ ಹೇಳಿದ್ದನ್ನು ಕೇಳಿದ್ದೇನೆ.

ಕೇಸು ಮುಗಿದ ಮೇಲೆ ನಾನು ಯಾರಿಗೂ ಬೇಡವಾದೆ. ಜುಲೇಖಾ ಅರ್ಜಿ ಹಾಕಿ ಬಿಡಿಸಿಕೊಂಡು, ಕಾರ್ಮಿಕ ಸಂಘದ ಕಚೇರಿಗೆ ಕೊಟ್ಟರು. ಬಸ್ ನಿಲ್ದಾಣದ ಮೇಲಿನ ಒಂದೇ ಕೋಣೆ. ಕಿಟಕಿಯ ಹಲಗೆಯ ಮೇಲೆ ಕಾಗದ ಹಾರದಂತೆ ಒತ್ತಿಟ್ಟ ಭಾರವಾಗಿ ನಾನಿದ್ದೇನೆ. ದೂಮಪ್ಪ ವಾರಕ್ಕೆ ಮೂರು ದಿನ ಅಲ್ಲಿ ಕೂರುತ್ತಾನೆ. ಈಗೀಗ ಒಡಿಶಾ, ಬಿಹಾರದಿಂದ ಬಂದ ಗುತ್ತಿಗೆ ಕಾರ್ಮಿಕರು ಬರುತ್ತಾರೆ. ಅವನ ಹಿಂದಿ ಅರ್ಧ ತುಳು, ಆದರೂ ಅವರಿಗೆ ಅರ್ಥವಾಗುತ್ತದೆ.

ಕಳೆದ ಶನಿವಾರ ಬೆಳಿಗ್ಗೆ ದುಖಿಶ್ಯಾಮ ಎಂಬ ಒಡಿಯಾ ವೆಲ್ಡರ್ ಏದುಸಿರು ಬಿಡುತ್ತ ಬಂದ. ಕಾರ್ಖಾನೆಯ ಟ್ಯಾಂಕಿನೊಳಗೆ ಅನಿಲ ಇದೆಯೋ ಇಲ್ಲವೋ ನೋಡದೆ ಇಳಿದು ವೆಲ್ಡಿಂಗ್ ಮಾಡು ಎನ್ನುತ್ತಿದ್ದಾರೆ, ಇಲ್ಲವೆಂದರೆ ಕೆಲಸ ಹೋಗುತ್ತದೆ ಎಂದ. ದೂಮಪ್ಪ ಜುಲೇಖಾ ಮೇಡಂಗೂ ಇನ್‌ಸ್ಪೆಕ್ಟರ್ ಕಚೇರಿಗೂ ಫೋನ್ ಮಾಡಿಸಿದ. ಚಪ್ಪಲಿ ಮೆಟ್ಟಿಕೊಂಡು, "ನಡಿ, ನಾನೂ ಬರ್ತೇನೆ" ಎಂದು ಅವನ ಜೊತೆ ಬಸ್ಸು ಹತ್ತಿದ.

ನಾನು ದಿನವಿಡೀ ಆ ಕಾರ್ಖಾನೆಯ ದಿಕ್ಕನ್ನೇ ನೋಡುತ್ತಿದ್ದೆ. ಆಕಾಶ ಸುಮ್ಮನಿತ್ತು. ಐದು ಗಂಟೆಗೆ ಇಬ್ಬರೂ ಮೆಟ್ಟಿಲೇರಿ ಬಂದರು. ಇನ್‌ಸ್ಪೆಕ್ಟರ್ ಕಚೇರಿಯವರು ಬಂದು ನೋಡಿದರೆ ಟ್ಯಾಂಕಿನಲ್ಲಿ ಅನಿಲ ಇತ್ತಂತೆ. ಗಾಳಿ ಹಾಯಿಸಿ, ಪರೀಕ್ಷೆ ಮಾಡಿ, ಕೆಲಸವನ್ನು ಸೋಮವಾರಕ್ಕೆ ಹಾಕಿದರಂತೆ. ದುಖಿಶ್ಯಾಮ ಕೆಳಗಿನ ಹೋಟೆಲಿನಿಂದ ಎರಡು ಚಹಾ ತಂದು, ಒಂದನ್ನು ದೂಮಪ್ಪನ ಅಂಗೈಗಳ ನಡುವೆ ಇಟ್ಟ. ಇಬ್ಬರೂ ಕುಡಿದರು.

ನಾನು ಬೆಂಕಿ ಕಂಡವನು. ಅದರ ಗಾತ್ರ ಎಷ್ಟೆಂದು ಬಲ್ಲೆ. ಆದರೂ ಆ ಸಂಜೆಯ ಮುಂದೆ ಅದು ನನಗೆ ಸಣ್ಣದಾಗಿ ಕಂಡಿತು. ಮರುದಿನದ ಪತ್ರಿಕೆಯನ್ನು ನನ್ನ ಕೆಳಗೇ ಮಡಿಸಿಟ್ಟರು. ಆ ಟ್ಯಾಂಕಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.